ಥಂಡಿ ಪೆಟ್ಟಿಗೆಯ ಏಳು ದಿನ

೧೯೫೭ರ ಅಕ್ಟೋಬರ್ ೧೬, ಬುಧವಾರ, ಬೆಳಿಗ್ಗೆ ಒಂಬತ್ತೂವರೆ. ಅಸೂಟಿಯ ಹನಮಪ್ಪ ಹೊಟ್ಟೆ ಹಿಡಿದುಕೊಂಡೇ ಗಜೇಂದ್ರಗಡದ ಠಾಣೆಗೆ ಬಂದ. ಹಿಂದಿನ ದಿನದ ಸಂತೆಯಲ್ಲಿ ನಜೀರಸಾಬನ ಖಾನಾವಳಿಯಲ್ಲಿ ಮೀನು ತಿಂದ ಏಳು ಜನರಿಗೆ ವಾಂತಿಭೇದಿ. ಅವನ ತಮ್ಮ ದವಾಖಾನೆಯಲ್ಲಿ ಇನ್ನೂ ಎದ್ದು ಕೂತಿರಲಿಲ್ಲ. ಹವಾಲ್ದಾರ ಪರಶಪ್ಪ ಎಫ್‌ಐಆರ್ ಬರೆದುಕೊಂಡ.

ನಜೀರಸಾಬ ತಡವರಿಸದೆ ಹೇಳಿಕೆ ಕೊಟ್ಟ. "ನಿನ್ನಿ ಮುಂಜಾನೆ ರಹಿಮತಬಿ ಕಡೆ ತಗೊಂಡೆ, ಸಂಜಿಕ ಕರದೆ. ಆಕಿ ಬುಟ್ಟಿಯೊಳಗ ಕೆಟ್ಟಿರಬೇಕ್ರಿ."

ಮಲಪ್ರಭೆಯ ಮೀನು ತಂದು ಮಾರುವ ರಹಿಮತಬಿ, ಕರೆಯುವ ಮೊದಲೇ ಠಾಣೆಗೆ ಬಂದಳು.

"ನಿನ್ನಿ ಅವಗ ಮೀನ ಕೊಟ್ಟಿಯೇನು?" ಎಂದು ಕೇಳಿದ ಪರಶಪ್ಪ.

"ಇಲ್ರಿ. ನಿನ್ನಿದಲ್ಲ, ಅದರ ಹಿಂದಿನ ಸಂತಿಗೆ ಕೊಟ್ಟೀನಿ."

"ಸಾಕ್ಷಿ?"

"ನನ್ನ ಮಾತ ಒಂದ. ಜೇಲಿಗೆ ಹಾಕ್ತೀರೋ ಹಾಕ್ರಿ. ನಮ್ಮವ್ವನ ಕಾಲದ ಹೆಸರು ಹೋದ ಮ್ಯಾಲೆ ಈ ಬುಟ್ಟಿ ಯಾರು ಮುಟ್ಟತಾರ?"

ಪರಶಪ್ಪನೂ ಹೊಳೆದಂಡೆಯಲ್ಲೇ ಬೆಳೆದವನು. ಮೀನಿನ ಮುಖ ನೋಡಿ ಹಿಡಿದ ದಿನ ಹೇಳುತ್ತೇನೆಂದು ಅವನು ಕೊಚ್ಚಿಕೊಂಡಾಗಲೆಲ್ಲ ಠಾಣೆಯವರು ನಗುತ್ತಿದ್ದರು. ಇವತ್ತು ಅದೇ ಮಾತು ಹೇಳಿ ಖಾನಾವಳಿಗೆ ಹೊರಟಾಗ ಯಾರೂ ನಗಲಿಲ್ಲ.

ಹನ್ನೊಂದು ಗಂಟೆಗೆ ಖಾನಾವಳಿಯಲ್ಲಿ ಪಂಚನಾಮೆ. ಸೀಮೆಎಣ್ಣೆ ದೀಪದ ಬಲದಿಂದ ನಡೆಯುವ ರೆಫ್ರಿಜರೇಟರು ಆ ಸೀಮೆಗೇ ಒಂದು ಬೆರಗು. ನಜೀರಸಾಬ ಅದನ್ನು ಮುಂಬಯಿಯಿಂದ ತರಿಸಿದ್ದ. ಒಳಗೆ ಒಂದು ಮೀನು ಉಳಿದಿತ್ತು. ಪರಶಪ್ಪ ಬರೆದ: ಕಿವಿರು ಕಂದು, ಕಣ್ಣು ಗುಳಿಬಿದ್ದು ಮಸುಕು, ಬೆರಳೊತ್ತಿದ ಗುರುತು ಮೇಲೇಳದು, ಮೈ ಲೋಳೆ, ಹುಳಿ ವಾಸನೆ, ಹೊಟ್ಟೆ ಒಡೆದಿಲ್ಲ, ರೆಕ್ಕೆಯಂಚು ಒಣಗಿ ಸೆಟೆದಿದೆ.

"ಇದು ಬಿಸಿಲಿಗೆ ಕೆಟ್ಟದ್ದಲ್ರಿ ಸಾಹೇಬ್ರ," ಎಂದ. "ಥಂಡಿಯೊಳಗ ನಿಧಾನಕ ಕೆಟ್ಟೈತಿ."

"ನಿನ್ನ ಮೂಗು ಕೋರ್ಟಿಗೆ ಬರೂದಿಲ್ಲೋ," ಎಂದರು ಫೌಜದಾರ ಶಿವನಪ್ಪ.

"ಹಂಗಾರ ಮಾಡಿ ತೋರಸ್ತೀನ್ರಿ."

ಅಂದೇ ಹೊಳೆಯಿಂದ ಹೊಸ ಮೀನು ಬಂತು. ಒಂದನ್ನು ರಹಿಮತಬಿಯ ಬುಟ್ಟಿಯಲ್ಲಿ ಇಟ್ಟರು, ಮೂರನ್ನು ನಜೀರಸಾಬನ ಥಂಡಿ ಪೆಟ್ಟಿಗೆಯಲ್ಲಿ. ಬೀಗ ಹಾಕಿ ಅರಗಿನ ಮುದ್ರೆ ಒತ್ತಿದರು; ನೋಡಬೇಕಾದಾಗ ಪಂಚರ ಎದುರಿಗೆ ತೆರೆದು ಮತ್ತೆ ಒತ್ತುವುದೆಂದಾಯಿತು. ದೀಪಕ್ಕೆ ಎಣ್ಣೆ ಹಾಕುವುದು ಮಾತ್ರ ನಜೀರಸಾಬನ ಕೆಲಸ, ಅದೂ ಪಂಚರ ಎದುರಿಗೇ.

ಮರುದಿನ ಬುಟ್ಟಿಯ ಮೀನು ಹೊಟ್ಟೆಯೊಡೆದು ನಾರಿತು. ಪೆಟ್ಟಿಗೆಯೊಳಗಿನ ಮೀನಿನ ಕಿವಿರು ಮಾತ್ರ ಕೆಂಪಗೇ ಇತ್ತು. ನಜೀರಸಾಬ ಮೀಸೆ ತಿರುವಿದ. "ನೋಡ್ರಿ! ಒಂದ ದಿನಕ್ಕ ನನ್ನ ಪೆಟ್ಟಿಗ್ಯಾಗ ಏನೂ ಆಗೂದಿಲ್ಲ!"

ಪರಶಪ್ಪ ಆ ಮಾತನ್ನು ಹಾಗೇ ಬರೆದು ಅವನಿಂದಲೇ ಸಹಿ ಹಾಕಿಸಿಕೊಂಡ. ತನ್ನ ಗೋರಿಯನ್ನು ತಾನೇ ತೋಡಿಕೊಂಡದ್ದು ಆ ಮನುಷ್ಯನಿಗೆ ತಿಳಿಯಲಿಲ್ಲ.

ಮೂರನೆಯ ದಿನ ಕಿವಿರಿನ ಬಣ್ಣ ಇಳಿಯಿತು. ಐದನೆಯ ದಿನ ಬೆರಳೊತ್ತಿದ ಗುರುತು ಹಾಗೇ ಉಳಿಯಿತು. ಅಕ್ಟೋಬರ್ ೨೩, ಏಳನೆಯ ದಿನ, ಫೌಜದಾರರು ಮೊದಲ ಪಂಚನಾಮೆ ಓದುತ್ತ ಹೋದರು, ಪರಶಪ್ಪ ಮೀನನ್ನು ತೋರಿಸುತ್ತ ಹೋದ. ಒಂದು ಮಾತೂ ವ್ಯತ್ಯಾಸವಾಗಲಿಲ್ಲ.

"ಬುಟ್ಟ್ಯಾಗ ಕೆಟ್ಟಿದ್ರ ಹೊಟ್ಟಿ ಒಡೀತಿತ್ತು. ಒಂದ ದಿನ ಇಟ್ಟಿದ್ರ ಕೆಡ್ತಿರಲಿಲ್ಲ, ನೀನ ಸಹಿ ಮಾಡೀದಿ," ಎಂದ ಪರಶಪ್ಪ. "ಯಾವಾಗ ತಗೊಂಡಿ?"

"ಆಕಿ ಹೇಳಿದ್ದ ಖರೇರಿ, ಅದರ ಹಿಂದಿನ ಸಂತಿಗೆ ತಗೊಂಡೆ," ಎಂದ ನಜೀರಸಾಬ. ಹನ್ನೊಂದೂಕಾಲಕ್ಕೆ ಅವನ ದಸ್ತಗಿರಿಯಾಯಿತು.

ದುಡ್ಡಿನಾಸೆಗೆ ಮಾಡಿದ್ದಲ್ಲ. ತನ್ನ ಪೆಟ್ಟಿಗೆಯಲ್ಲಿಟ್ಟ ಮೀನಿಗೆ ವಯಸ್ಸೇ ಆಗುವುದಿಲ್ಲವೆಂದು ಸಂತೆಗೆಲ್ಲ ಸಾರಿದ್ದ. ಕರುಳು ಸಹ ತೆಗೆಯದೆ ಇಡಿಯಾಗಿಟ್ಟು ಜನರಿಗೆ ತೋರಿಸುತ್ತಿದ್ದ. "ವಾಸನಿ ಬಂದಿತ್ರಿ," ಎಂದು ಒಪ್ಪಿಕೊಂಡ. "ಮಂದಿ ಮುಂದ ಹ್ಯಾಂಗ ಒಗೀಲಿ? ಬಳ್ಳೊಳ್ಳಿ ಖಾರ ಜಾಸ್ತಿ ಹಾಕಿದೆ. ನಾನೂ ತಿಂದೀನ್ರಿ." ಅವನೂ ಎರಡು ದಿನ ನರಳಿದ್ದನಂತೆ, ಯಾರಿಗೂ ಹೇಳದೆ. ಪರಶಪ್ಪನಿಗೆ ಅವನ ಮೇಲಿನ ಸಿಟ್ಟು ಅಲ್ಲಿಗೇ ಇಳಿಯಿತು. ಮೀನಿನ ಮುಖ ನೋಡಿ ದಿನ ಹೇಳುತ್ತೇನೆಂದು ಕೊಚ್ಚಿಕೊಳ್ಳುವ ತನಗೂ ಹೆಮ್ಮೆಯ ಹುಚ್ಚೇನು ಹೊಸದಲ್ಲ.

ಹನಮಪ್ಪನ ತಮ್ಮ ಅಷ್ಟರಲ್ಲಿ ಗುಣವಾಗಿ ಮನೆ ಸೇರಿದ್ದ. ಕೇಸು ಮುಗಿಯಿತೆಂದಾಗ ರಹಿಮತಬಿ ಕೇಳಿದಳು: "ಕಾಗದದಾಗ ಮುಗೀತ್ರಿ. ಊರಿಗೆ ಯಾರು ಹೇಳ್ತಾರ?"

ಅಕ್ಟೋಬರ್ ೨೯ರ ಸಂತೆಗೆ ಹವಾಲ್ದಾರ ಪರಶಪ್ಪ ಪೂರ್ತಿ ಸಮವಸ್ತ್ರದಲ್ಲಿ ಬಂದ. ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇರುಕಿಕೊಂಡು, ರಹಿಮತಬಿಯ ನೀರು ಸೋರುವ ಮೀನಿನ ಬುಟ್ಟಿಯನ್ನು ತಲೆಗೇರಿಸಿ, ಸಂತೆಯ ನಟ್ಟನಡುವೆ ನಡೆದ. ರಹಿಮತಬಿ ಬರಿಗೈಯಲ್ಲಿ ಸೆರಗು ಬೀಸುತ್ತ ಮುಂದೆ ಮುಂದೆ ಹೋದಳು.