ಕಗ್ಗಂಟು, ಜಾರುಗಂಟು

ಮೀನುಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ ತೆರೆಯೂರು ಎಂಬ ರಾಜ್ಯವಿತ್ತು. ಪಕ್ಕದ ಕರಿಹೊಳೆಯ ಆಚೆ ದಡದಲ್ಲಿ ಕುಟಿಲಾಂಗನೆಂಬ ಮಾಂತ್ರಿಕನಿದ್ದ. ಅವನು ಅಂಬಿಗರ ಚೌಡಿಯ ಅಣ್ಣ ಬರಮಣ್ಣನನ್ನು ಹೊತ್ತೊಯ್ದು, ಕಾಲಿನಿಂದ ಮೇಲಕ್ಕೆ ಕಲ್ಲು ಮಾಡತೊಡಗಿದ. ತಬ್ಬಲಿಯಾದ ಚೌಡಿಯನ್ನು ಸಾಕಿದವನೇ ಆ ಅಣ್ಣ. ಈ ದಡದ ಸೇತುವೆ ಆ ದಡ ಮುಟ್ಟಿದರೆ ಮಾಯೆ ಮುರಿಯುತ್ತದೆ ಎಂದು ಹೊಳೆಯ ಮುದಿಮೀನು ಅವಳಿಗೆ ಹೇಳಿತು.

ಚೌಡಿ ಊರಿನ ಹರಿಗೋಲುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಂದಕ್ಕೊಂದು ಕಗ್ಗಂಟು ಹಾಕಿ ಬಿಗಿದಳು. ಕುಟಿಲಾಂಗ ಬೆಂಕಿಹಕ್ಕಿಯನ್ನು ಬಿಟ್ಟ. ಒಂದು ಹರಿಗೋಲಿಗೆ ಕಿಡಿ ತಗುಲಿತು. ಗಂಟು ಬಿಚ್ಚಲಾಗದೆ ಎಲ್ಲವೂ ಉರಿದುಹೋದವು.

“ತಂಗೀ, ಮೊಣಕಾಲು ಕಲ್ಲಾಯ್ತು!” ಎಂದು ಆಚೆಯಿಂದ ಅಣ್ಣನ ಕೂಗು ಬಂತು.

ಹೊಸ ಹರಿಗೋಲು ಹೆಣೆದು, ಈ ಸಲ ಎಳೆದರೆ ಬಿಚ್ಚುವ ಜಾರುಗಂಟು ಹಾಕಿದಳು. ಮಾಯಾಮೊಸಳೆ ಬಂದು ಒಂದನ್ನು ಮಗುಚಿತು. ಅದನ್ನು ಕಳಚಿಬಿಟ್ಟಳು, ಸರಿ. ಆದರೆ ಆ ಅಲೆಗೇ ಉಳಿದ ಗಂಟುಗಳೂ ಜಾರಿದವು. ಹರಿಗೋಲಿನ ಬುದ್ಧಿ ಗೊತ್ತಲ್ಲ, ಒಂಟಿಯಾದರೆ ನಿಂತಲ್ಲೇ ಗಿರಗಿರ!

“ತಂಗೀ, ಸೊಂಟ ಕಲ್ಲಾಯ್ತು!”

ಚೌಡಿ ಅತ್ತಳು, ಮೂಗು ಒರೆಸಿಕೊಂಡಳು, ಮತ್ತೆ ಹೆಣೆದಳು. ಐದೈದು ಹರಿಗೋಲುಗಳಿಗೆ ಕಗ್ಗಂಟು ಹಾಕಿ ಗುಂಪು ಮಾಡಿದಳು. ಗುಂಪಿಗೂ ಗುಂಪಿಗೂ ನಡುವೆ ಜಾರುಗಂಟು. ಅದು ತಾನಾಗಿ ಜಾರದಂತೆ ಒಂದೊಂದು ಗಂಟಿಗೂ ಒಬ್ಬೊಬ್ಬ ಕಾವಲು. ಅಗಸರು ಬಂದರು, ಕುಂಬಾರರು ಬಂದರು, ಅರಮನೆಯ ಅಡುಗೆಯವರೂ ಬಂದರು.

“ಎಲ್ಲರೂ ಹಗ್ಗ ಹಿಡಿದು ನಿಂತರೆ ನನ್ನ ಊಟದ ಗತಿ ಏನವ್ವಾ?” ಎಂದ ರಾಜ.

“ಇವತ್ತೊಂದಿನ ಉಪವಾಸ ಇರಿ ಬುದ್ಧೀ. ಇನ್ನೂ ಒಂದು ಗಂಟಿಗೆ ಆಳಿಲ್ಲ.”

ರಾಜ ಗೊಣಗಿದ. ಗೊಣಗುತ್ತಲೇ ಪಂಚೆ ಎತ್ತಿಕಟ್ಟಿ ಹಗ್ಗ ಹಿಡಿದ.

“ತಂಗೀ, ಕೊರಳಿಗೆ ಬಂತು!”

ಆಗ ಕುಟಿಲಾಂಗನೇ ಸುಳಿಯಾಗಿ ಎದ್ದು ನಡುವಿನ ಗುಂಪಿಗೆ ಬಾಯಿ ಹಾಕಿದ. ಅದರ ಮೇಲಿದ್ದವರು ಪಕ್ಕದ ಗುಂಪಿಗೆ ಹಾರಿದರು. “ಬಿಡಿ!” ಎಂದಳು ಚೌಡಿ. ಎರಡೂ ಕಡೆಯವರು ಹಗ್ಗ ಎಳೆದರು, ಗುಂಪು ಕಳಚಿತು. ಆಸೆಬುರುಕ ಐದನ್ನೂ ಒಟ್ಟಿಗೆ ನುಂಗಿದ. ಗಂಟಲಲ್ಲಿ ಸಿಕ್ಕಿ, ಗೊರಗೊರ ಎನ್ನುತ್ತ ತಳ ಕಂಡ. ದಡದಲ್ಲಿ ಹೆಚ್ಚಿಗೆ ಕಾದಿರಿಸಿದ್ದ ಇನ್ನೊಂದು ಗುಂಪನ್ನು ತಂದು ನಡುವೆ ಕಟ್ಟಿದರು. ಸೇತುವೆ ಆಚೆ ದಡ ಮುಟ್ಟಿತು. ಕಲ್ಲು ಕರಗಿ ಬರಮಣ್ಣ ಮನುಷ್ಯನಾಗಿ ಓಡಿಬಂದ.

ಚೌಡಿ ಮಾತ್ರ ಕಾವಲಿನವರಲ್ಲಿ ಒಬ್ಬೊಬ್ಬರ ಮುಂದೆಯೂ ನಿಂತು, ಹಗ್ಗ ತೀಡಿ ಕೆಂಪಾದ ಅವರ ಅಂಗೈಗಳನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು.

“ನಾನಿಲ್ಲಿದ್ದೀನಿ ಕಣೇ!” ಎಂದ ಅಣ್ಣ.

“ತಡಿ ಅಣ್ಣಾ. ಈ ಕೈಗಳು ಇಲ್ಲದಿದ್ರೆ ನೀನೆಲ್ಲಿರ್ತಿದ್ದೆ?”

ಅವನೂ ತಂಗಿಯ ಹಿಂದೆ ಒಂದೊಂದೇ ಕೈ ಮುಟ್ಟಿ ನಮಸ್ಕರಿಸುತ್ತ ಬಂದ. ಕೊನೆಯ ಕೈ ರಾಜನದು. ಅದರಲ್ಲೂ ಬೊಬ್ಬೆ ಎದ್ದಿತ್ತು.

ಅಂದಿನಿಂದ ತೆರೆಯೂರಿನವರು ಹೊಳೆಯ ಎರಡೂ ದಡದಲ್ಲಿ ಸುಖವಾಗಿ ಬಾಳಿದರು. ಗಂಟು ಕಾಯುವ ಸರದಿ ಮಾತ್ರ ಯಾರಿಗೂ ತಪ್ಪಲಿಲ್ಲ, ರಾಜನಿಗೂ.