ಬಿಜೆನ್ ಕತ್ತಿಯ ಮಂಜು

೧೯೯೦ರ ಮಾರ್ಚ್ ೭, ಬುಧವಾರ ಬೆಳಗ್ಗೆ ೮.೪೦ಕ್ಕೆ ಕೊಲ್ಲಿ ದೇಶದ ಶುವೈಖ್ ಪೊಲೀಸ್ ಠಾಣೆಗೆ ಇಸಾಬೆಲ್ ಎಂಬಾಕೆ ಬಂದು ದೂರು ಕೊಟ್ಟಳು. ಇಂಡಸ್ಟ್ರಿಯಲ್ ಏರಿಯಾದ ಒಂದು ವ್ಯಾಪಾರ ಸಂಸ್ಥೆಯ ಪ್ರದರ್ಶನ ಸಭಾಂಗಣಕ್ಕೆ ಆಕೆ ಮ್ಯಾನೇಜರ್. ಜಪಾನಿನಿಂದ ತಂದಿಟ್ಟಿದ್ದ ಐದು ಹಳೆಯ ಕತ್ತಿಗಳಲ್ಲಿ ಒಂದನ್ನು ಯಾರೋ ಕದ್ದು, ಅದೇ ಅಳತೆಯ ನಕಲಿಯನ್ನು ಅದರ ಜಾಗದಲ್ಲಿಟ್ಟಿದ್ದಾರೆ ಎಂಬುದು ದೂರಿನ ಸಾರಾಂಶ.

ಇನ್ಸ್‌ಪೆಕ್ಟರ್ ಮುಬಾರಕ್ ಜೀಪು ಹತ್ತಿದಾಗ ದುಭಾಷಿ ಮಮ್ಮಾಲಿಯೂ ಹಿಂದೆ ಹತ್ತಿದ. ಮಂಗಳೂರಿನ ಕಡೆಯ ಬ್ಯಾರಿ. ಠಾಣೆಯಲ್ಲಿ ಹನ್ನೊಂದು ವರ್ಷದಿಂದ ಹಿಂದಿ, ಇಂಗ್ಲಿಷ್, ತುಳು ಆಡುವವರ ಮಾತನ್ನು ಅರಬಿಗೆ ತಿರುಗಿಸುವುದು ಅವನ ಕೆಲಸ.

ಸಭಾಂಗಣದಲ್ಲಿ ಬೀಗದಕೈ ಹಿಡಿದು ನಿಂತಿದ್ದ ಕೊರಗಪ್ಪನನ್ನು ಕಂಡು ಮಮ್ಮಾಲಿಗೆ ಎದೆ ಹಗುರಾಯಿತು. ಹದಿಮೂರು ವರ್ಷದ ಹಿಂದೆ, ಕೆಲಸಕ್ಕೆ ಕರೆಸಿಕೊಂಡಿದ್ದ ಯಜಮಾನ, ಕಫೀಲ್, ಬಾರದೆ ವಿಮಾನ ನಿಲ್ದಾಣದಲ್ಲಿ ಅಳುತ್ತ ಕೂತಿದ್ದ ತನ್ನನ್ನು ಕೋಣೆಗೆ ಕರೆದೊಯ್ದು ಊಟ ಹಾಕಿದವನು ಈ ಕೊರಗಪ್ಪ.

“ಐದು ಕತ್ತಿಗೂ ವ್ಯತ್ಯಾಸ ಏನು?” ಮುಬಾರಕ್ ಕೇಳಿದ. ಮಮ್ಮಾಲಿ ತುಳುವಿಗೆ ತಿರುಗಿಸಿದ.

“ಐದೂ ಬೇರೆ ಬೇರೆ ಪರಂಪರೆಯವು,” ಎಂದ ಕೊರಗಪ್ಪ. “ಇದು ಯಮಾಶಿರೊ. ಅಂಚಿನ ಬಿಳಿ ಗೆರೆ ನೂಲು ಹಿಡಿದ ಹಾಗೆ ನೇರ. ಯಮಾಟೊದಲ್ಲಿ ಉಕ್ಕಿನ ಎಳೆ ಮರದ ಹಲಗೆಯ ಹಾಗೆ ಉದ್ದಕ್ಕೆ ಓಡ್ತದೆ. ಸೊಶೂದಲ್ಲಿ ಬೆಳ್ಳಿ ಪುಡಿ ಚೆಲ್ಲಿದ ಹಾಗೆ ಮಿಂಚು. ಮಿನೊದಲ್ಲಿ ಗರಗಸದ ಹಲ್ಲು.”

“ನಕಲಿ ಅನ್ನುತ್ತಿರುವ ಆ ಐದನೆಯದು?”

“ಬಿಜೆನ್. ಲವಂಗದ ಮೊಗ್ಗಿನ ಸಾಲು. ಅದರ ಮೇಲೆ ಮಂಜು ಕವಿದ ಹಾಗೆ ಒಂದು ನೆರಳು.” ಹೇಳುವಾಗ ಕೊರಗಪ್ಪ ಉಳಿದ ನಾಲ್ಕನ್ನೂ ನೋಡಿದ, ಬಿಜೆನ್ ಕತ್ತಿಯತ್ತ ಕಣ್ಣು ಹಾಯಿಸಲಿಲ್ಲ. ಅಲ್ಲಿದ್ದ ಅಲಗು ಕನ್ನಡಿಯಂತೆ ಬರೀ ಹೊಳೆಯುತ್ತಿತ್ತು.

ಕತ್ತಿಗಳನ್ನು ತಂದ ಪರಿಣತ ಹೊರಿಕಾವಾ ಬಹರೈನ್‌ಗೆ ಹೋಗಿದ್ದ; ಬರುವುದು ಶನಿವಾರ. ಅಲ್ಲಿಯವರೆಗೆ ಕತ್ತಿಯನ್ನು ಮುಟ್ಟಬಾರದೆಂದು ಮುಬಾರಕ್ ಗಾಜಿನ ಪೆಟ್ಟಿಗೆಗೆ ಮೊಹರು ಹಾಕಿಸಿದ. ಮಂಗಳವಾರ ಸಂಜೆ ಕಸ ಗುಡಿಸುವ ಸಿರಾಜುಲ್ ಉದ್ದನೆಯ ಗಂಟೊಂದನ್ನು ಹೊತ್ತು ಹೋದದ್ದನ್ನು ವಾಚ್‌ಮನ್ ಕಂಡಿದ್ದ. ಚಿತ್ತಗಾಂಗ್‌ನ ಆ ನಡುವಯಸ್ಕನನ್ನು ೧೧.೩೦ಕ್ಕೆ ಠಾಣೆಗೆ ತಂದರು.

“ಗಂಟಿನಲ್ಲಿ ಏನಿತ್ತು?”

“ಮುರಿದ ಪರದೆ ಕೋಲು, ಸಾಬ್. ಕಸಕ್ಕೆ ಹಾಕಿದೆ.”

“ಕತ್ತಿಯ ಪೆಟ್ಟಿಗೆ ತೆಗೆದಿದ್ದೆಯಾ?”

“ನಾನಲ್ಲ. ಸೋಮವಾರ ಕೊರಗಪ್ಪ ಭಾಯಿ ತೆಗೆದು ನನಗೆ ತೋರಿಸಿದರು. ಕೈಗವಸು ಕಳಚಿ ಹೆಬ್ಬೆರಳಿಂದ ಮುಟ್ಟಿದರು. ಮತ್ತೆ ಬಹಳ ಹೆದರಿದರು.”

ಮುಬಾರಕ್ ಪೆನ್ನು ಹಿಡಿದು ಕಾಯುತ್ತಿದ್ದ. ಮಮ್ಮಾಲಿ ಅರಬಿಯಲ್ಲಿ ಹೇಳಿದ: “ತಾನು ತೆಗೆಯಲಿಲ್ಲ ಅಂತಾನೆ. ಬೇರೇನೂ ಗೊತ್ತಿಲ್ಲವಂತೆ.”

ಸಿರಾಜುಲ್‌ನನ್ನು ಲಾಕಪ್ಪಿಗೆ ಹಾಕಿದರು. ಅವನ ಕೋಣೆಯಲ್ಲಿ ಕತ್ತಿ ಸಿಗಲಿಲ್ಲ. ಆಗಲೇ ಮಾರಿರಬೇಕು ಎಂದರು ಕಾನ್‌ಸ್ಟೇಬಲ್‌ಗಳು. ವಾಸದ ಪರವಾನಗಿಯಾದ ಇಕಾಮಾ ರದ್ದುಮಾಡಿ ಊರಿಗೆ ಕಳಿಸುವ ಕಾಗದ ಸಿದ್ಧವಾಗತೊಡಗಿತು. ಎರಡು ದಿನ ಮಮ್ಮಾಲಿ ಲಾಕಪ್ಪಿನ ಮುಂದೆ ಹಾಯಬೇಕಾದಾಗಲೆಲ್ಲ ಫೈಲೊಂದನ್ನು ತೆರೆದು ಮುಖದ ಮುಂದೆ ಹಿಡಿದುಕೊಂಡ. ಕೊರಗಪ್ಪಣ್ಣನೇ ಬಂದು ಹೇಳಿಬಿಡುತ್ತಾನೆ ಎಂದು ಕಾದ. ಕೊರಗಪ್ಪ ಬರಲಿಲ್ಲ.

ಮಾರ್ಚ್ ೧೦, ಶನಿವಾರ ೧೧ ಗಂಟೆಗೆ ಹೊರಿಕಾವಾ ಪೆಟ್ಟಿಗೆಯ ಮುಂದೆ ಕುಳಿತ. ಹಿಡಿಯ ಬಿದಿರು ಮೊಳೆಯನ್ನು ಹೊರತಳ್ಳಿ ಹಿಡಿಕೆ ಕಳಚಿದ. ಹಿಡಿಕೆಯೊಳಗೆ ಅಡಗಿದ್ದ ಅಲಗಿನ ಬಾಲ ನೂರಾರು ವರ್ಷದ ತುಕ್ಕಿನಿಂದ ಕಪ್ಪಾಗಿತ್ತು. ಮೇಲೆ ಕಮ್ಮಾರ ಕೆತ್ತಿದ ಹೆಸರು. ಆತ ತನ್ನ ಛಾಯಾಚಿತ್ರದೊಂದಿಗೆ ಎರಡು ಸಲ ಹೋಲಿಸಿದ.

“ಕತ್ತಿ ಅದೇ,” ಎಂದ ಇಂಗ್ಲಿಷಿನಲ್ಲಿ. “ಯಾರೂ ಕದ್ದಿಲ್ಲ. ಉಜ್ಜಿದ್ದಾರೆ.” ಅಲಗಿನ ಕಾಲುವೆಯೊಳಗೆ ಬಿಳಿ ಪುಡಿ ಒಣಗಿತ್ತು. ಹಿತ್ತಾಳೆ ಪಾಲಿಶಿನ ವಾಸನೆ. “ಬೆರಳು ತಾಗಿದರೆ ತುಕ್ಕು ಏಳುತ್ತದೆ. ಅದನ್ನು ತೆಗೆಯಲು ಹೋಗಿ ಮಂಜನ್ನೇ ತೆಗೆದಿದ್ದಾರೆ.”

ಮುಬಾರಕ್ ಹೊರಗೆ ಬಂದು ಸಿಗರೇಟು ಹಚ್ಚಿದ. “ಬೀಗದಕೈ ಇರುವುದು ಇಬ್ಬರಲ್ಲಿ, ಇಸಾಬೆಲ್ ಮತ್ತು ಕೊರಗಪ್ಪ. ಆ ಬಂಗಾಳಿ ಇದರ ಬಗ್ಗೆ ಏನೂ ಹೇಳಲಿಲ್ಲವಾ?”

“ಹೇಳಿದ್ದ, ಸಿದಿ,” ಎಂದು ಮಮ್ಮಾಲಿ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದ.

“ಮೂರು ದಿನ ಈ ಮಾತು ಎಲ್ಲಿತ್ತು?”

“ನನ್ನ ಬಾಯಲ್ಲೇ.”

ಮುಬಾರಕ್ ಬೈಯಲಿಲ್ಲ. “ಇವತ್ತಿನ ಹೇಳಿಕೆ ನೀನೇ ತಿರುಗಿಸು. ಆಮೇಲೆ ನಿನ್ನ ವರದಿ ಬರೆಯುತ್ತೇನೆ,” ಎಂದಷ್ಟೇ ಹೇಳಿ ಸಿಗರೇಟನ್ನು ಅರ್ಧಕ್ಕೇ ಹೊಸಕಿದ.

೨.೧೫ಕ್ಕೆ ಸಭಾಂಗಣದ ಹಿಂದಿನ ಕೋಣೆಯಲ್ಲಿ ಕೊರಗಪ್ಪನನ್ನು ಬಂಧಿಸಿದರು. ಪಾಲಿಶ್ ಡಬ್ಬಿ, ಕಪ್ಪಾದ ಬನಿಯನ್ ತುಂಡು ಮಹಜರಿನಲ್ಲಿ ದಾಖಲಾದವು. ಕೊರಗಪ್ಪ ಏನೂ ಅಲ್ಲಗಳೆಯಲಿಲ್ಲ.

“ಸಿರಾಜುಲ್ ಒಳಗಿದ್ದಾನೆ ಅಂತ ಗೊತ್ತಿತ್ತಲ್ಲ ಕೊರಗಪ್ಪಣ್ಣ?”

“ಗೊತ್ತಿತ್ತು. ದಿನಾ ಬೆಳಗ್ಗೆ ಅಂಗಿ ಹಾಕಿ ಹೊರಡ್ತಿದ್ದೆ. ಠಾಣೆಯ ಗೇಟಿನವರೆಗೆ ಬಂದು ವಾಪಸ್.”

“ಹೊರಿಕಾವಾಗೆ ಫೋನು ಮಾಡಿ ಹೇಳಬಹುದಿತ್ತಲ್ಲ?”

“ಇಪ್ಪತ್ತೆರಡು ವರ್ಷದಿಂದ ನಾನು ಇಲ್ಲಿ ಬೀಗದಕೈ ಇಟ್ಟುಕೊಂಡ ಮನುಷ್ಯ, ಅಷ್ಟೇ. ಆ ಜಪಾನಿನವರು ಎಲ್ಲರೆದುರು ಹೇಳಿದ್ರು ಮಾರಾಯ, ಕೊರಗಪ್ಪನಿಗೆ ಕತ್ತಿ ನೋಡುವ ಕಣ್ಣುಂಟು ಅಂತ. ಬರಿಗೈಯಲ್ಲಿ ಮುಟ್ಟಬಾರದು ಅಂತ ಮೊದಲ ದಿನವೇ ಕಲಿಸಿದ್ರು. ಮುಟ್ಟಿದವ ನಾನೇ ಅಂತ ಹೇಗೆ ಹೇಳಲಿ? ನಾಚಿಕೆಯಾಯ್ತು.”

ಮಮ್ಮಾಲಿ ಒಂದಕ್ಷರ ಬಿಡದೆ ತಿರುಗಿಸಿದ. ಕೊನೆಯ ಪದವನ್ನು ಮಾತ್ರ ಎರಡು ಸಲ ಹೇಳಬೇಕಾಯಿತು.

ಸಂಜೆ ೪.೫೦ಕ್ಕೆ ಸಿರಾಜುಲ್‌ನ ಬಿಡುಗಡೆ. ಚಪ್ಪಲಿ, ಬೆಲ್ಟು ಹಿಂದಿರುಗಿಸಿ ಸಹಿ ಹಾಕಿಸಿಕೊಳ್ಳುವ ಕೆಲಸ ಮಮ್ಮಾಲಿಗೇ ಬಿತ್ತು. ಸಿರಾಜುಲ್ ಸಹಿ ಹಾಕಿ ತಲೆ ಎತ್ತಿದ.

“ನಾನು ಅವತ್ತೇ ಹೇಳಿದ್ದೆನಲ್ಲ ಭಾಯಿ. ನನ್ನ ಹಿಂದಿ ನಿಮಗೆ ಅರ್ಥವಾಗಲಿಲ್ಲವಾ?”

ಅವನ ಮುಖದಲ್ಲಿ ಕೋಪವಿರಲಿಲ್ಲ. ನಿಜವಾಗಿಯೂ ತನ್ನ ಹಿಂದಿಯದೇ ತಪ್ಪೆಂದು ನಂಬಿದ್ದ. ಹೌದು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

“ಅರ್ಥವಾಗಿತ್ತು,” ಎಂದ ಮಮ್ಮಾಲಿ. “ಪೂರ್ತಿ ಅರ್ಥವಾಗಿತ್ತು.”

ಸಿರಾಜುಲ್ ಅವನನ್ನೇ ನೋಡಿದ. ಬಳಿಕ ಬಗ್ಗಿ ಚಪ್ಪಲಿ ಮೆಟ್ಟಿ, ಸಲಾಂ ಹೇಳದೆ ಹೊರಟುಹೋದ.