ಕೋಳಿ ಶೆಡ್ಡಿನ ಬಿಳಿ ಪುಡಿ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಬಸ್ ಚಾಲಕನೊಬ್ಬ ಠಾಣೆಗೆ ಬಂದು ದೂರು ಕೊಟ್ಟ. ತಂತಿ ಗೀರಿ ಕೈ ಕೀವುಗಟ್ಟಿದ್ದ ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿದ್ದ. ವಾರದೊಳಗೆ ಅವಳು ಹೆಣವಾಗಿ ಹೊರಬಂದಿದ್ದಳು. ಕಳಪೆ ಔಷಧಿ ಕೊಟ್ಟು ಕೊಂದರು ಎಂಬುದು ಅವನ ಆರೋಪ. ಜೊತೆಯಲ್ಲಿ ಬಂದಿದ್ದ ಭಾವನಿಗೆ, ಅಂದರೆ ಸತ್ತವಳ ಅಣ್ಣನಿಗೆ, ಅತ್ತು ಅತ್ತು ಕಣ್ಣು ಬಾತಿತ್ತು. ಅವನದು ಕೋಳಿ ಸಾಕಣೆ.

“ಆ ಡಾಕ್ಟರನ್ನ ಮಾತ್ರ ಬಿಡಬೇಡಿ ಸಾರ್,” ಎಂದ ಆ ಅಣ್ಣ.

ಇನ್‌ಸ್ಪೆಕ್ಟರ್‌ಗೂ ಗುಮಾನಿ ಅತ್ತಲೇ ಇತ್ತು. ಎಫ್‌ಐಆರ್ ದಾಖಲಿಸಿ, ಆಸ್ಪತ್ರೆಯಲ್ಲಿ ಪಂಚನಾಮೆ ನಡೆಸಿ, ಔಷಧಿ ಬಾಟಲಿಗಳನ್ನು ಪರೀಕ್ಷೆಗೆ ಕಳಿಸಿದರು. ವರದಿ ಬಂತು: ಔಷಧಿಯಲ್ಲಿ ದೋಷವಿಲ್ಲ.

“ಮತ್ತೆ ಹೇಗೆ ಸತ್ತಳು?” ಎಂದು ಚಿಕಿತ್ಸೆ ಕೊಟ್ಟಿದ್ದ ಡಾಕ್ಟರಮ್ಮನನ್ನು ಕೇಳಿದರು.

“ನಮ್ಮ ಹತ್ರ ಇದ್ದ ಕೊನೇ ಆಂಟಿಬಯೋಟಿಕ್ಕಿಗೂ ಆ ರೋಗಾಣು ಬಗ್ಗಲಿಲ್ಲ. ಆ ಔಷಧಿಯನ್ನ ಅರಗಿಸಿಕೊಳ್ಳೋದು ಅದಕ್ಕೆ ಮೊದಲೇ ಅಭ್ಯಾಸ ಆಗಿತ್ತು.”

“ಅವಳು ಮಾತ್ರೆ ಮುಟ್ಟಿದವಳೇ ಅಲ್ಲ ಅಂತಾನೆ ಗಂಡ.”

“ಅವಳೇ ನುಂಗಬೇಕು ಅಂತೇನಿಲ್ಲ. ಬೇರೆಲ್ಲೋ ಆ ಔಷಧಿಗೆ ಒಗ್ಗಿಹೋದ ರೋಗಾಣು ಗಾಯದಿಂದ ಒಳಗೆ ಹೋದರೂ ಸಾಕು. ಏನು ಕೆಲಸ ಮಾಡ್ತಿದ್ದಳು?”

ಅಣ್ಣನ ಶೆಡ್ಡಿನಲ್ಲಿ ಕೋಳಿಗಳಿಗೆ ಆಹಾರ ಬೆರೆಸುತ್ತಿದ್ದಳು.

ಮರುದಿನ ಪಶುವೈದ್ಯರನ್ನು ಕರೆದುಕೊಂಡು ಶೆಡ್ಡಿಗೆ ಹೋದರು. ನೀರಿನ ಡ್ರಮ್ಮಿನ ಹಿಂದೆ ಬಿಳಿ ಪುಡಿಯ ಚೀಲಗಳಿದ್ದವು. ಡಾಕ್ಟರಮ್ಮ ಹೇಳಿದ್ದ ಅದೇ ಔಷಧಿ, ಪ್ರಾಣಿಗಳಿಗೆ ಕೊಡುವಂತಿಲ್ಲವೆಂದು ನಿಷೇಧಿಸಿದ್ದು.

“ನಮಗಿಂತ ಕೋಳಿಗೇ ಒಳ್ಳೇ ಟ್ರೀಟ್‌ಮೆಂಟು ಸಾರ್,” ಎಂದ ಕಾನ್‌ಸ್ಟೇಬಲ್.

ಕೋಳಿ ಹಿಕ್ಕೆಯಲ್ಲೂ ಅಂಥದೇ ರೋಗಾಣು ಸಿಕ್ಕಿತು. ಅಣ್ಣನನ್ನು ಠಾಣೆಗೆ ಕರೆಸಿದರು.

“ಕೋಳಿಗೆ ಏನು ಕಾಯಿಲೆ ಇತ್ತು?”

“ಏನೂ ಇರಲಿಲ್ಲ.”

“ಮತ್ತೆ ಔಷಧಿ ಯಾಕೆ?”

“ಬರದೇ ಇರಲಿ ಅಂತ. ಎಲ್ಲರೂ ಹಾಕ್ತಾರೆ ಸಾರ್.”

“ಹಾಕಬಾರದು ಅಂತ ಗೊತ್ತಿತ್ತಾ?”

ಅವನು ತಲೆ ತಗ್ಗಿಸಿದ. “ಗೊತ್ತಿತ್ತು.”

ಅವನ ಬಂಧನವಾಯಿತು. ಪುಡಿ ಮಾರಿದವನ ಅಂಗಡಿಗೂ ಬೀಗ ಬಿತ್ತು. ಸುದ್ದಿ ಕೇಳಿ ಚಾಲಕ ಓಡಿ ಬಂದ.

“ನನ್ನ ಹೆಂಡತೀನ ಕೊಂದಿದ್ದಕ್ಕೆ ತಾನೆ ಸಾರ್?”

“ಅಲ್ಲ. ನಿಷೇಧಿತ ಔಷಧಿ ಬಳಸಿದ್ದಕ್ಕೆ.” ಇನ್‌ಸ್ಪೆಕ್ಟರ್ ಅವನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. “ರೋಗ ಆ ಶೆಡ್ಡಿಂದಲೇ ಬಂತು ಅಂತ ಕೋರ್ಟಲ್ಲಿ ನಿಲ್ಲೋ ಹಾಗೆ ಹೇಳೋಕೆ ಡಾಕ್ಟರಿಗೂ ಆಗಲ್ಲ.”

ಸಂಜೆ ಯಾರೂ ಕೇಳುವ ಮೊದಲೇ ಆರೋಪಿ ಬಾಯಿಬಿಟ್ಟ. ಹಿಂದೊಮ್ಮೆ ರೋಗ ಬಡಿದು ಇಡೀ ಶೆಡ್ಡು ಬರಿದಾಗಿತ್ತಂತೆ. ಸತ್ತ ಕೋಳಿಗಳನ್ನು ಗುಂಡಿ ತೋಡಿ ಹೂತವರು ಅಣ್ಣ ತಂಗಿ ಇಬ್ಬರೇ.

“ಆಮೇಲೆ ಒಂದು ಕೋಳಿ ತೂಕಡಿಸಿದ್ರೂ ನಮ್ಮ ಜೀವ ಬಾಯಿಗೆ ಬರ್ತಿತ್ತು ಸಾರ್. ಇನ್ನೊಂದು ಹಿಡಿ ಪುಡಿ ಹಾಕಣ್ಣಾ ಅಂತಿದ್ದಳು ಅವಳೇ.”

ಇನ್‌ಸ್ಪೆಕ್ಟರ್ ಅದನ್ನೂ ಹೇಳಿಕೆಯಲ್ಲಿ ಬರೆದುಕೊಂಡರು. ಹೊರಗೆ ಬೆಂಚಿನ ಮೇಲೆ ಚಾಲಕ ಇನ್ನೂ ಕೂತಿದ್ದ. ಮುಂದೆ ಕೋರ್ಟಿನಲ್ಲಿ ಅವನ ಕಿವಿಗೂ ಅದು ಬೀಳುವುದಿತ್ತು.

“ಇವತ್ತಿಗೆ ಮನೆಗೆ ಹೋಗಿ,” ಎಂದಷ್ಟೇ ಹೇಳಿದರು.